ಮುಂತಿಯಾ ಮರಿ ಮಾಡಿಸದ ಉಡಗಳು

ಫಾರಂನಲ್ಲಿ ಹುಟ್ಟಿ ಬೆಳೆದ ಉಡದ ಕಂಕುಳಲ್ಲಿ ಕಾಡಿನ ಉಣುಗು ಇರುವುದಿಲ್ಲ. ಇಷ್ಟು ತಿಳಿಯಲು ಯಾವ ಕಾಲೇಜೂ ಬೇಡ. ಮುಂತಿಯಾ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಸೋಮವಾರ ಬೆಳಿಗ್ಗೆ, ಮೊಜೊಸಾರಿ ಪಟ್ಟಣದ ಹೊರಗೆ ಕಬ್ಬಿನ ಗದ್ದೆಗಳ ನಡುವಿನ ತಗಡಿನ ಶೆಡ್ಡಿನಲ್ಲಿ ಕೂತು, ಒಂದೊಂದೇ ಉಡವನ್ನು ತೊಡೆಯ ಮೇಲಿಟ್ಟುಕೊಂಡು, ಚಿಮಟದಿಂದ ಉಣುಗು ಕಿತ್ತು ಸೀಮೆಎಣ್ಣೆಯ ಲೋಟಕ್ಕೆ ಹಾಕುತ್ತಿದ್ದಳು. ಗುರುವಾರದೊಳಗೆ ಅರವತ್ತೊಂದು ಉಡಗಳೂ "ಇಲ್ಲೇ ಹುಟ್ಟಿದವು" ಆಗಬೇಕಿತ್ತು.

ಹಿಂದಿನ ದಿನವಷ್ಟೇ ಅವು ಸುರಬಾಯಾದ ಬಂದರಿನಿಂದ ಬಂದಿದ್ದವು. ಪೂರ್ವದ ದ್ವೀಪಗಳ ಮರ ಉಡಗಳು: ನೀಲಿಯವು, ಹಸಿರಿನವು, ಇದ್ದಿಲಿನಂಥ ಕಪ್ಪಿನವು. ಒಂದೊಂದನ್ನೂ ಹಳೆಯ ಕಾಲುಚೀಲದೊಳಗೆ ತೂರಿಸಿ, ಬಾಯಿ ಗಂಟು ಹಾಕಿ, ಸೋಡಾ ಬಾಟಲಿಯ ಕ್ರೇಟುಗಳಲ್ಲಿ ಜೋಡಿಸಿ ಕಳಿಸಿದ್ದರು. ಯಾವ ದ್ವೀಪದ್ದು ಯಾವುದು ಎಂದು ಕಳಿಸಿದವರೂ ಹೇಳಲಿಲ್ಲ, ಇಳಿಸಿಕೊಂಡವರೂ ಕೇಳಲಿಲ್ಲ. ಐದು ಚೀಲಗಳಲ್ಲಿ ಜೀವವಿರಲಿಲ್ಲ. ಅವನ್ನು ಸಮಿಜಾನ್ ಬಾಳೆಯ ಬುಡದಲ್ಲಿ ಹೂತು ಬಂದಿದ್ದ.

ಸಮಿಜಾನ್ ಫಾರಂನಲ್ಲಿ ಜೀರುಂಡೆ ಬೆಳೆಸಿ ಉಡಗಳಿಗೆ ಹಾಕುವವನು. ಮುಂತಿಯಾಳಿಗಿಂತ ನಾಲ್ಕು ವರ್ಷ ಚಿಕ್ಕವನು. ಊರಿನ ರೂಢಿಯಂತೆ ಅವಳನ್ನು 'ಯು' ಎನ್ನುತ್ತಿದ್ದ, ಅಕ್ಕ ಅನ್ನುವ ಹಾಗೆ. ನಾಲಿಗೆಗೆ ಮಾತ್ರ ಚಿಕ್ಕವರು ದೊಡ್ಡವರು ಎಂಬುದಿರಲಿಲ್ಲ.

"ಯು, ಇಲ್ಲಿ ನೋಡು. ಇವನಿಗೆ ಬಲಗೈಯಲ್ಲಿ ಎರಡು ಬೆರಳೇ ಇಲ್ಲ."

"ಉರುಳಿಗೆ ಸಿಕ್ಕಿ ಹೋಗಿರತ್ತೆ. ಆ ಕಡೆ ಇಡು."

"ಉರುಳು ಅಂತ ಅನ್ಬೇಡ ಮಾರಾಯ್ತಿ. ಇವನನ್ನ ಹೆತ್ತು ಹೊತ್ತು ಸಾಕಿದ್ದು ನೀನಂತೆ. ಬಂದವರು ಕೇಳಿದ್ರೆ ಏನು ಹೇಳ್ತೀಯ? ಬೆರಳು ಎಲ್ಲಿಟ್ಟೆ ಅಂತ ಮರೆತುಹೋಯ್ತು ಅಂತೀಯಾ?"

"ಬಾಯಿ ಮುಚ್ಚು, ಜಾನ್."

"ನಾನು ಮುಚ್ತೀನಿ. ತೆರೀಬೇಕಾಗಿರೋದು ನಿನ್ನ ಬಾಯಲ್ವಾ?"

ತೊಡೆಯ ಮೇಲಿದ್ದ ಹಸಿರು ಉಡ ಬಾಲವನ್ನು ಅವಳ ಮುಂಗೈಗೆ ಸುತ್ತಿಕೊಂಡು, ಕೊಂಬೆ ಸಿಕ್ಕಿತು ಎಂದುಕೊಂಡು ಬಿಗಿ ಮಾಡುತ್ತಿತ್ತು.

ಫಾರಂನ ಯಜಮಾನ ಪಾಕ್ ಗುನಾದಿ; 'ಪಾಕ್' ಎಂದರೆ ಅಲ್ಲಿ ಸ್ವಾಮಿ ಅನ್ನುವ ಹಾಗೆ. ಅವನ ವ್ಯಾಪಾರದ ಗುಟ್ಟು ಒಂದೇ ಸಾಲಿನದು. ಕಾಡಿನಿಂದ ಹಿಡಿದ ಉಡವನ್ನು ಹೊರದೇಶಕ್ಕೆ ಕಳಿಸಿದರೆ ಕಳ್ಳತನ. ಫಾರಂನಲ್ಲಿ ಮೊಟ್ಟೆಯೊಡೆದು ಬಂದ ಉಡವನ್ನು ಕಳಿಸಿದರೆ ದೇಶಕ್ಕೆ ಹೆಸರು. ಎರಡರ ನಡುವೆ ಇರುವುದು ಒಂದು ಹಾಳೆ. ಆ ಹಾಳೆಗೆ ಸಹಿ ಬೀಳಬೇಕಾದರೆ ತಪಾಸಣೆಗೆ ಬಂದವರೆದುರು ಯಾರಾದರೊಬ್ಬರು "ಇವು ನನ್ನ ಕೈಯಲ್ಲೇ ಹುಟ್ಟಿದವು" ಎನ್ನಬೇಕಿತ್ತು. ಗುನಾದಿಗೆ ಆ ಮಾತನ್ನು ಆಡಲು ಒಂದು ಬಾಯಿ ಬೇಕಾಗಿತ್ತು. ಕೈಗಳೂ ನಿಜವಾಗಿದ್ದರೆ ಇನ್ನೂ ಒಳ್ಳೆಯದು. ಮುಂತಿಯಾಳ ಕೈಗಳು ನಿಜವಾಗಿದ್ದವು. ಇದೇ ಈ ಕಥೆಯ ಸಂಕಟ.

ಅವಳ ಅಪ್ಪ ಬಾತು ಮರಿ ಮಾಡಿಸುವವನು. ಬಾತಿಗೆ ಹೆಸರಾದ ಊರಿನಲ್ಲಿ ಅವನ ಕೈಗೆ ಹೆಸರಿತ್ತು. ಕರೆಂಟಿಲ್ಲ, ಯಂತ್ರವಿಲ್ಲ. ಬೆಚ್ಚಗೆ ಹುರಿದ ಭತ್ತದ ಹೊಟ್ಟಿನ ಬುಟ್ಟಿಗಳಲ್ಲಿ ಮೊಟ್ಟೆಗಳನ್ನು ಪದರ ಪದರವಾಗಿ ಹೂತು, ಒಂದೊಂದನ್ನು ತೆಗೆದು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖ ಅಳೆಯುತ್ತಿದ್ದ. ದಿನಕ್ಕೆ ಮೂರು ಸಲ ಪ್ರತಿ ಮೊಟ್ಟೆಯನ್ನೂ ಮಗ್ಗುಲು ಬದಲಿಸಬೇಕು: ಮಸೀದಿಯ ಮುಂಜಾನೆಯ ಬಾಂಗಿಗೊಂದು, ಮಧ್ಯಾಹ್ನದ್ದಕ್ಕೊಂದು, ಮುಸ್ಸಂಜೆಯದಕ್ಕೊಂದು. ಬದಲಿಸದಿದ್ದರೆ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಮುಂತಿಯಾ ಆರು ವರ್ಷದವಳಿದ್ದಾಗಿಂದ ಈ ಕೆಲಸ ಮಾಡಿದವಳು. ಬಾಂಗ್ ಕಿವಿಗೆ ಬಿದ್ದರೆ ಸಾಕು, ಬೆರಳುಗಳು ತಾವಾಗಿಯೇ ಅರ್ಧ ಸುತ್ತು ತಿರುಗುತ್ತಿದ್ದವು. ನಿದ್ದೆಯಲ್ಲೂ ಹಾಗೆ ಆಗುವುದನ್ನು ಕಂಡು ಗಂಡ ಬದುಕಿದ್ದಾಗ ನಗುತ್ತಿದ್ದ. ಮರಿಯಾದ ಮೇಲೆ ಚಿಪ್ಪು ಎಸೆಯುವುದೂ ಅವರಲ್ಲಿಲ್ಲ. ಎಷ್ಟು ಚಿಪ್ಪೋ ಅಷ್ಟು ಮರಿ. ಮರಿ ಕೊಳ್ಳಲು ಬಂದವನು ಕೇಳಿದರೆ ಚಿಪ್ಪಿನ ರಾಶಿ ತೋರಿಸಬೇಕು.

ಯಂತ್ರಗಳು ಬಂದು ಹೊಟ್ಟಿನ ಬುಟ್ಟಿಗಳು ಮೂಲೆ ಸೇರಿದ ಮೇಲೆ, ಎಂಟು ವರ್ಷದ ಹಿಂದೆ, ಗುನಾದಿ ಅವಳ ಅಂಗಳಕ್ಕೆ ಬಂದ. "ಯು, ನಿಮ್ಮ ಕೈಗುಣ ಕೇಳಿ ಬಂದೆ. ನನ್ನ ಹತ್ರ ಬಾತಿಲ್ಲ, ಉಡ ಇದೆ. ನೀವು ಮರಿ ಮಾಡಿಸಿಕೊಡಿ. ಇಲ್ಲೇ ಹುಟ್ಟೋಕೆ ಶುರುವಾದ್ರೆ ಕಾಡಿಂದ ಹಿಡಿದು ತರೋದೇ ನಿಂತುಹೋಗತ್ತೆ. ಪುಣ್ಯದ ಕೆಲಸ" ಎಂದ. ಮುಂತಿಯಾ ನಂಬಿದಳು. ಒಳ್ಳೆಯ ಕೆಲಸಗಾರರನ್ನು ಹಿಡಿಯಲು ಕಾಲುಚೀಲ ಬೇಕಾಗುವುದಿಲ್ಲ, ಪುಣ್ಯ ಎಂಬ ಒಂದು ಮಾತು ಸಾಕು.

ಮೊದಲ ಸಲ ಏಳು ಮೊಟ್ಟೆ ಬಂದವು. ಮುಂತಿಯಾ ಮೂರು ಬಾಂಗಿಗೆ ಮೂರು ಸಲ ಚಾಚೂ ತಪ್ಪದೆ ತಿರುಗಿಸಿದಳು. ಏಳೂ ಕೊಳೆತವು. ಎರಡನೇ ಸಲ ಐದು. ತನ್ನ ಶ್ರದ್ಧೆ ಸಾಲದೇ ಹೋಯಿತೆಂದು ನಾಲ್ಕು ಸಲ ತಿರುಗಿಸಿದಳು. ಐದೂ ಹೋದವು. ಕೊನೆಯದನ್ನು ಕತ್ತರಿಯಿಂದ ಸೀಳಿ ನೋಡಿದಾಗ ಒಳಗೆ ಅಕ್ಕಿಕಾಳಿನಷ್ಟು ಜೀವ, ಅದನ್ನು ಚಿಪ್ಪಿಗೆ ಕಟ್ಟಿದ್ದ ರಕ್ತದ ಎಳೆಗಳೆಲ್ಲ ಹರಿದಿದ್ದವು. ಅವಳೇ ಹರಿದದ್ದು. ಬಾತು ತನ್ನ ಮೊಟ್ಟೆಯ ಮೇಲೆ ಕೂತು ಹೊರಳಿಸುತ್ತದೆ. ಉಡ ಮೊಟ್ಟೆಯಿಟ್ಟು ಮುಚ್ಚಿ ಹೊರಟುಹೋಗುತ್ತದೆ, ಮತ್ತೆ ಬಂದು ಮುಟ್ಟುವುದಿಲ್ಲ. ಇಟ್ಟದ್ದು ಇಟ್ಟ ಹಾಗೆ ಇರಬೇಕು. ಹನ್ನೆರಡು ಮರಿಗಳನ್ನು ಕೊಂದ ಮೇಲೆ ಅವಳಿಗೆ ಇದು ಹೊಳೆಯಿತು. ಅಂದು ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ.

ಮುಂದಿನ ಸಲ ಪ್ರತಿ ಮೊಟ್ಟೆಯ ನೆತ್ತಿಗೆ ಸೀಸದಕಡ್ಡಿಯಿಂದ ಒಂದು ಸಣ್ಣ ಅಡ್ಡಗೀಟು ಹಾಕಿ, ಗೀಟು ಮೇಲಿರುವಂತೆ ತೇವದ ತೆಂಗಿನನಾರಿನ ಪುಡಿಯಲ್ಲಿ ಕೂರಿಸಿ, ಬಾಂಗ್ ಕೇಳಿದಾಗಲೆಲ್ಲ ಕೈಗಳನ್ನು ತಲೆವಸ್ತ್ರದ ತುದಿಯಲ್ಲಿ ಸುತ್ತಿಕೊಂಡು ನಿಂತಳು. ಐದು ತಿಂಗಳಿಗೂ ಮಿಕ್ಕಿ ಕಾದಳು. ನಾಲ್ಕು ಮರಿ ಬಂದವು, ಬೆರಳಿನಷ್ಟು ಉದ್ದ, ಆಗಲೇ ಸಿಟ್ಟು. ಚಿಪ್ಪುಗಳನ್ನು ತೊಳೆದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟಳು.

ಆಮೇಲೆ ಅವಳು ಕಲಿತದ್ದು ಯಾವ ಪುಸ್ತಕದಲ್ಲೂ ಇದ್ದ ಹಾಗಿಲ್ಲ. ಗಂಡು ಯಾವುದು ಹೆಣ್ಣು ಯಾವುದು ಎಂಬುದರಲ್ಲೇ ದೊಡ್ಡ ದೊಡ್ಡವರು ತಪ್ಪುತ್ತಾರೆ; ಬಾಲದ ಬುಡ ಒತ್ತಿ ನೋಡಿದರೂ ಉಡ ಮೋಸ ಮಾಡುತ್ತದೆ. ಮುಂತಿಯಾ ಒತ್ತುತ್ತಿರಲಿಲ್ಲ. ವಾರಗಟ್ಟಲೆ ಕೂತು ನೋಡುತ್ತಿದ್ದಳು: ಯಾವುದು ಬಿಸಿಲಿನ ಜಾಗಕ್ಕೆ ಮೊದಲು ಹೋಗುತ್ತದೆ, ಯಾವುದು ಇನ್ನೊಂದರ ಬೆನ್ನ ಮೇಲೆ ಗದ್ದವಿಟ್ಟು ನಾಲಿಗೆ ಆಡಿಸುತ್ತದೆ, ಯಾವುದು ಹೊಟ್ಟೆ ತುಂಬಿದ ಮೇಲೂ ಮೂಲೆಯ ಮಣ್ಣು ಕೆದರುತ್ತದೆ. ಗುನಾದಿ ಜೋಡಿ ಮಾಡು ಎಂದು ಬಣ್ಣ ಮಿಂಚುವ ದೊಡ್ಡವನ್ನು ಮುಂದೆ ತಳ್ಳಿದರೆ, ಅವಳು ಎದುರಿಗೆ ಮನುಷ್ಯ ನಿಂತಿದ್ದರೂ ಹೆದರದೆ ತಿನ್ನುವುದನ್ನು ಆರಿಸುತ್ತಿದ್ದಳು. ಹೆದರಿಕೆಯ ಹೆಣ್ಣು ಮೊಟ್ಟೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಯುತ್ತದೆ ಎನ್ನುವುದನ್ನು ಎರಡು ಸಲ ಕಂಡಿದ್ದಳು. ಹಾಗೆ ಆರಿಸಿದ ನೀಲಿ ಹೆಣ್ಣಿಗೆ ಗೆಂದುಕ್ ಎಂದು ಹೆಸರು, ಮನೆಯ ಪುಟ್ಟ ಹುಡುಗಿಯನ್ನು ಕರೆಯುವ ಹೆಸರು. ಅದು ಮೊಟ್ಟೆಗೆ ಜಾಗ ಹುಡುಕಿ ಹುಡುಕಿ ಸೊರಗುತ್ತಿದ್ದಾಗ, ತೆರೆದ ಗೂಡಿಗೆ ಹೋಗದ ತನ್ನ ಹಳೆಯ ಬಾತೊಂದು ಮಡಕೆಯೊಳಗೆ ಹೊಕ್ಕು ಮೊಟ್ಟೆಯಿಟ್ಟಿದ್ದು ಮುಂತಿಯಾಳಿಗೆ ನೆನಪಾಯಿತು. ಟೊಳ್ಳು ತೆಂಗಿನ ಕಾಂಡಕ್ಕೆ ತೇವದ ಎಲೆಗೊಬ್ಬರ ತುಂಬಿ, ಕೆಳಗಿನಿಂದ ಬಿಸಿ ಕೊಟ್ಟು ನಿಲ್ಲಿಸಿದಳು. ಗೆಂದುಕ್ ಅದೇ ಸಂಜೆ ಒಳಗೆ ಹೋಯಿತು.

ಎಂಟು ವರ್ಷದಲ್ಲಿ ಡಬ್ಬಿಯಲ್ಲಿದ್ದದ್ದು ಮೂವತ್ತೆಂಟು ಚಿಪ್ಪು. ಅದೇ ಎಂಟು ವರ್ಷದಲ್ಲಿ "ಮುಂತಿಯಾಳ ಕೈಯಲ್ಲಿ ಹುಟ್ಟಿ" ವಿಮಾನ ಹತ್ತಿದ ಉಡಗಳು ಒಂಬೈನೂರಕ್ಕೂ ಹೆಚ್ಚು. ಕಾಡಿಂದ ತರುವುದು ನಿಲ್ಲಲಿಲ್ಲ. ಅವಳ ಒಂದೊಂದು ನಿಜವಾದ ಮರಿಯ ನೆರಳಿನಲ್ಲಿ ಇಪ್ಪತ್ತು ಇಪ್ಪತ್ತೈದು ಕಾಲುಚೀಲಗಳು ದಾಟಿಹೋದವು. ಹಳೆಯ ತಪಾಸಣಾಧಿಕಾರಿ ಶೆಡ್ಡಿನೊಳಗೆ ಕಾಲಿಡುತ್ತಲೇ ಇರಲಿಲ್ಲ. ಮಾವಿನ ನೆರಳಲ್ಲಿ ಕೂತು ಕಪ್ಪು ಸಾರಿನ ರವೋನ್ ಉಂಡು, "ಎಲ್ಲ ನಿಮ್ಮ ಕೈದೇನಾ ಬು?" ಎಂದು ಬೆರಳು ಚೀಪುತ್ತ ಕೇಳುತ್ತಿದ್ದ; 'ಬು' ಅಂದರೆ ಅಮ್ಮ. ಅವಳು ಹೌದು ಎಂದು ತಲೆ ಆಡಿಸುತ್ತಿದ್ದಳು. ತಲೆ ಆಡಿಸಿದ್ದು ಮಾತಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಮಾತೇ. ಅವಳನ್ನು ಇಷ್ಟಪಡುವವರೂ ಇದನ್ನು ಒಪ್ಪಬೇಕು.

ಈಗ ಆ ಅಧಿಕಾರಿ ನಿವೃತ್ತನಾಗಿದ್ದ. ಗುರುವಾರ ಬರುವವಳು ಹೊಸಬಳು.

ಬುಧವಾರ ಮಧ್ಯಾಹ್ನ ಗುನಾದಿ ಕಾವಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗಡೆ ಪೆಟ್ಟಿಗೆಯಲ್ಲಿ ಗೆಂದುಕ್‌ನ ಒಂಬತ್ತು ಮೊಟ್ಟೆಗಳಿದ್ದವು, ಇಟ್ಟು ಇಪ್ಪತ್ತು ದಿನವಾಗಿತ್ತು. ಒಂದೇ ಸಲಕ್ಕೆ ಒಂಬತ್ತು ಎಂದೂ ಬಂದಿರಲಿಲ್ಲ.

"ಯು, ಈ ಹೊಸ ಹೆಂಗಸು ಬಾಯಿಬಿಟ್ಟು ಹೇಳಿಸ್ತಾಳಂತೆ. ತಲೆ ಆಡಿಸಿದ್ರೆ ನಡೆಯಲ್ಲ."

"ಪಾಕ್, ಈ ಸಲ ನನ್ನನ್ನ ಬಿಟ್ಟುಬಿಡಿ. ಅರವತ್ತೊಂದು ಅಂದ್ರೆ ಯಾರು ನಂಬ್ತಾರೆ? ಬೆರಳಿಲ್ಲದವು, ಬಾಲ ತುಂಡಾದವು... ನನ್ನ ನಾಲಿಗೆ ಏಳಲ್ಲ."

"ಏಳಿಸ್ಕೊಳ್ಳಿ. ನಾನೇನು ಹೆದರಿಸ್ತಿಲ್ಲ, ಇರೋದು ಹೇಳ್ತೀನಿ. ನೀವು ಇಲ್ಲ ಅಂದ್ರೆ ನಾಳೆನೇ ಶೆಡ್ಡಿಗೆ ಬೀಗ. ಬೀಗ ಬಿದ್ರೆ ಕರೆಂಟು ಹೋಯ್ತು. ಕರೆಂಟು ಹೋದ್ರೆ ಈ ಒಂಬತ್ತರ ಗತಿ ನಿಮಗೇ ಗೊತ್ತು. ನಿಮ್ಮ ಗೆಂದುಕ್ ಯಾವ ಗೋಡೌನಿಗೆ ಹೋಗತ್ತೋ. ಒಂದು ಮಾತು, ಯು. ಒಂದು ಮಾತು ಹೇಳಿ ಒಂಬತ್ತು ಜೀವ ಉಳಿಸ್ಕೊಳ್ಳಿ."

ಅವನು ಹೋದ ಮೇಲೆ ಮುಂತಿಯಾ ಪೆಟ್ಟಿಗೆಯ ಗಾಜಿನೊಳಗೆ ನೋಡಿದಳು. ಒಂಬತ್ತು ಅಡ್ಡಗೀಟುಗಳು ಮೇಲೆ ನೋಡುತ್ತಿದ್ದವು. ಸರಿ, ಹೇಳುತ್ತೇನೆ ಎಂದುಕೊಂಡಳು. ಇವುಗಳಿಗಾಗಿ ಹೇಳುತ್ತೇನೆ. ಹೀಗೆ ಅಂದುಕೊಂಡಾಗ ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಗುರುವಾರ ಹತ್ತು ಗಂಟೆಗೆ ಬಂದ ಅಧಿಕಾರಿಯ ಹೆಸರು ವಿನಾರ್ಸಿ, ಮೂವತ್ತರ ಆಸುಪಾಸು. ಮಾವಿನ ಕೆಳಗೆ ಹಾಸಿದ್ದ ಮೇಜು, ಅದರ ಮೇಲಿನ ರವೋನ್, ಹಪ್ಪಳದ ಡಬ್ಬಿ ಇವನ್ನೆಲ್ಲ ನೋಡಿ "ನಾನು ಉಪವಾಸ" ಎಂದಳು.

"ಗುರುವಾರ ಉಪವಾಸ ಮಾಡೋರೂ ಸರ್ಕಾರದಲ್ಲಿದ್ದಾರಾ!" ಎಂದು ಸಮಿಜಾನ್ ಮೆಲ್ಲಗೆ ಅಂದ. "ಯು, ಇವಳು ಕಷ್ಟ."

ವಿನಾರ್ಸಿ ಪಂಜರದಿಂದ ಪಂಜರಕ್ಕೆ ನಡೆದಳು. ಪಕ್ಕದಲ್ಲಿ ಗುನಾದಿ, ಹಿಂದೆ ಮುಂತಿಯಾ.

"ಇಷ್ಟೂ ಇಲ್ಲೇ ಹುಟ್ಟಿದ್ದಾ, ಪಾಕ್?"

"ಒಂದೂ ಬಿಡದ ಹಾಗೆ. ಎಲ್ಲ ಇವರ ಕೈಗುಣ. ತಲೆಮಾರಿನ ವಿದ್ಯೆ, ಮೇಡಂ."

"ನಾನು ಅವರನ್ನೇ ಕೇಳ್ತೀನಿ. ಬು ಮುಂತಿಯಾ, ಈ ಅರವತ್ತೊಂದೂ ನೀವು ಮರಿ ಮಾಡಿಸಿದ್ದಾ?"

"ಹೌದು."

"ಹೌದು ಅಂದ್ರೆ? ಪೂರ್ತಿ ಹೇಳಿ, ಬರ್ಕೋಬೇಕು."

ಮುಂತಿಯಾ ನೆಲ ನೋಡಿದಳು. "ನನ್ನ ಕೈಯಲ್ಲೇ ಹುಟ್ಟಿದ್ದು" ಎಂದಳು. ದನಿ ಅವಳದ್ದಾಗಿರಲಿಲ್ಲ. ವಿನಾರ್ಸಿ ಬರೆದುಕೊಂಡಳು. ಲೇಖನಿಯ ಸದ್ದು ಅಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ಮುಂತಿಯಾಳಿಗೆ ಗೊತ್ತಿರಲಿಲ್ಲ. ಆಚೆ ಮೂಲೆಯಲ್ಲಿ ಸಮಿಜಾನ್ ಜೀರುಂಡೆಯ ಬುಟ್ಟಿಯೊಳಗೆ ತಲೆ ತೂರಿಸಿ ನಿಂತಿದ್ದ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಗೆದ್ದ ಮನುಷ್ಯನಿಗೆ ಗೆದ್ದಷ್ಟಕ್ಕೇ ಸುಮ್ಮನಿರಲು ಆಗುವುದಿಲ್ಲ.

"ಕಾವಿನ ಕೋಣೆ ನೋಡಲ್ವಾ ಮೇಡಂ? ಬನ್ನಿ ಬನ್ನಿ, ಒಂಬತ್ತು ಮೊಟ್ಟೆ ಇದೆ. ದೇಶದಲ್ಲೇ ಇಂಥದ್ದು ಸಿಗಲ್ಲ."

ಒಳಗೆ ಸೆಖೆ. ವಿನಾರ್ಸಿ ಕನ್ನಡಕ ಒರೆಸಿಕೊಂಡು ಗಾಜಿನೊಳಗೆ ಬಗ್ಗಿದಳು. ಮೂರು ತಿಂಗಳ ಹಿಂದಿನವರೆಗೂ ಅವಳು ಮರದ ದಿಮ್ಮಿಗಳ ತಪಾಸಣೆಯಲ್ಲಿದ್ದವಳು. ಉಡದ ವಿಷಯ ಅಷ್ಟು ತಿಳಿಯದು. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವ ಒಳ್ಳೆಯ ಗುಣ ಮಾತ್ರ ಇತ್ತು.

"ನಮ್ಮ ಅಜ್ಜಿ ಮನೇಲೂ ಬಾತು ಮರಿ ಮಾಡಿಸ್ತಿದ್ರು. ಇವನ್ನೂ ಹಾಗೇ ತಿರುಗಿಸ್ತಾ ಇರ್ಬೇಕಾ? ದಿನಕ್ಕೆ ಎಷ್ಟು ಸಲ?"

ಎಂಟು ವರ್ಷ ಫಾರಂ ನಡೆಸಿದವನು, ಒಂಬೈನೂರು ಮರಿಗಳ ಯಜಮಾನ, ಒಂದು ಗಳಿಗೆಯೂ ತಡೆಯಲಿಲ್ಲ. "ಮೂರು ಸಲ! ಮುಂಜಾನೆ, ಮಧ್ಯಾಹ್ನ, ಸಂಜೆ. ತಪ್ಪಿದ್ರೆ ಮರಿ ಅಂಟ್ಕೊಂಡುಬಿಡತ್ತೆ. ನಾನೇ ಎಷ್ಟೋ ಸಲ ಮಾಡ್ತೀನಿ. ನೋಡಿ, ಹೀಗೆ..."

ಪೆಟ್ಟಿಗೆಯ ಮುಚ್ಚಳ ತೆಗೆದ. ಮೊದಲ ಮೊಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ತಲೆಕೆಳಗು ಮಾಡಿ ಇಟ್ಟ. ಅಡ್ಡಗೀಟು ಪುಡಿಯೊಳಗೆ ಮುಳುಗಿತು.

ಮುಂತಿಯಾ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ಈಗ 'ಬೇಡ' ಎಂದರೆ ಈಗಷ್ಟೇ ಆಡಿದ ಮಾತು ನೆಲಕ್ಕೆ ಬೀಳುತ್ತದೆ. ಎರಡನೆಯದು. ಇಪ್ಪತ್ತು ದಿನ, ಎಳೆಗಳು ಈಗಷ್ಟೇ ಚಿಪ್ಪನ್ನು ಹಿಡಿದಿರುತ್ತವೆ. ಮೂರನೆಯದು. ಕತ್ತರಿಯಿಂದ ಸೀಳಿದ ಹಳೆಯ ಮೊಟ್ಟೆ ಕಣ್ಣ ಮುಂದೆ ಬಂತು. ಗುನಾದಿ ಹಾಡು ಗುನುಗುತ್ತಿದ್ದ. ನಾಲ್ಕನೆಯದು ಮಗುಚಿತು. ಐದನೆಯದಕ್ಕೆ ಅವನ ಬೆರಳು ತಾಗುವಷ್ಟರಲ್ಲಿ ಅವಳು ಅವನ ಮಣಿಕಟ್ಟನ್ನು ಉಡದಂತೆ ಹಿಡಿದಿದ್ದಳು.

"ಮುಟ್ಟಬೇಡ!"

ಆ ಊರಿನಲ್ಲಿ ಕೆಲಸದ ಹೆಂಗಸು ಯಜಮಾನನನ್ನು ಏಕವಚನದಲ್ಲಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ.

"ಬಿಡಿ ಯು, ಏನಾಯ್ತು ನಿಮಗೆ? ಸೆಖೆಗೆ ತಲೆ ತಿರುಗ್ತಾ?" ಗುನಾದಿ ನಗಲು ನೋಡಿದ.

"ನಾಲ್ಕು ಕೊಂದೆ. ನಾಲ್ಕು ಮರಿ ಕೊಂದೆಯಲ್ಲೋ! ಉಡದ ಮೊಟ್ಟೆ ತಿರುಗಿಸಬಾರದು ಕಣೋ. ಒಂದು ಸಲ ತಿರುಗಿಸಿದ್ರೂ ಒಳಗಿರೋ ಜೀವ ಹರಿದುಹೋಗತ್ತೆ. ಈ ಗೀಟು ಯಾಕೆ ಹಾಕಿದೀನಿ ಅಂತ ಎಂಟು ವರ್ಷದಲ್ಲಿ ಒಂದು ದಿನ ಕೇಳಿದ್ಯಾ?"

ವಿನಾರ್ಸಿ ಲೇಖನಿಯ ಮುಚ್ಚಳ ಹಾಕಿದಳು.

"ಪಾಕ್ ಗುನಾದಿ, ಅರವತ್ತೊಂದು ಮರಿ ಹುಟ್ಟಿದ ಫಾರಂ ನಿಮ್ಮದು. ನಿಮಗೇ ಇದು ಗೊತ್ತಿಲ್ವಾ?"

"ಮೇಡಂ, ಈ ಹೆಂಗಸಿಗೆ ಇತ್ತೀಚೆಗೆ ತಲೆ..."

"ಬು ಮುಂತಿಯಾ, ನೀವು ಹೇಳಿ. ಆಗ ಹೇಳಿದ್ದು ನಿಜಾನಾ?"

ಮುಂತಿಯಾ ಹೊರಗೆ ಹೋದಳು. ತಿರುಗಿ ಬಂದಾಗ ಒಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಇನ್ನೊಂದರಲ್ಲಿ ಸೀಮೆಎಣ್ಣೆಯ ಲೋಟ. ಎರಡನ್ನೂ ಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿಟ್ಟಳು.

"ಇದರಲ್ಲಿ ಮೂವತ್ತೆಂಟು ಚಿಪ್ಪಿದೆ. ಎಂಟು ವರ್ಷಕ್ಕೆ ನನ್ನ ಕೈಯಲ್ಲಿ ಹುಟ್ಟಿದ್ದು ಇಷ್ಟು. ಲೋಟದಲ್ಲಿರೋದು ಈ ಸೋಮವಾರ ಆ ಅರವತ್ತೊಂದರ ಮೈಯಿಂದ ಕಿತ್ತ ಉಣುಗು. ಅವು ಭಾನುವಾರ ಹಡಗಲ್ಲಿ ಬಂದವು. ಅವಕ್ಕೆ ಮೊದಲು ಬಂದವೂ ಹಾಗೇ. ನಾನು ಹೇಳಿದ್ದು ಸುಳ್ಳು. ಇವತ್ತಿನದಷ್ಟೇ ಅಲ್ಲ, ಎಲ್ಲಾ ಸಲದ್ದೂ."

"ಅಂತೂ ಬಾಯಿ ತೆರೆದೆ" ಎಂದ ಸಮಿಜಾನ್, ಬಾಗಿಲಲ್ಲಿ ನಿಂತು. ಅಂದದ್ದು ಹಾಸ್ಯದಂತಿತ್ತು, ಆದರೆ ಅವನ ಮುಖ ಬಿಳಿಚಿತ್ತು. ಫಾರಂನ ಹನ್ನೆರಡು ಜನರ ಕೆಲಸ ಆ ಗಳಿಗೆಯಲ್ಲಿ ಹೋಯಿತೆಂದು ಅವನು ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದ್ದ.

ಶೆಡ್ಡಿಗೆ ಅಂದೇ ಬೀಗ ಬಿತ್ತು. ಗುನಾದಿ ಹೇಳಿದ್ದರಲ್ಲಿ ಅದೊಂದು ನಿಜ. ಉಡಗಳನ್ನು ಲಾರಿಗೆ ತುಂಬಿದರು. ಪೆಟ್ಟಿಗೆಯನ್ನೂ ಪುರಾವೆ ಎಂದು ಎತ್ತಲು ಬಂದವರನ್ನು ಮುಂತಿಯಾ ತಡೆದು, "ಇದನ್ನ ನೀವು ಎತ್ತಬೇಡಿ, ನಾನೇ ತರ್ತೀನಿ" ಎಂದಳು. ಮಗುಚಿದ ನಾಲ್ಕನ್ನು ಮತ್ತೆ ಮುಟ್ಟಲಿಲ್ಲ. ಇಲಾಖೆಯ ಪಿಕಪ್ಪಿನ ಹಿಂಬದಿ ಚಕ್ಕಳಮಕ್ಕಳ ಹಾಕಿ ಕೂತು, ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಇಡೀ ದಾರಿ ಪ್ರತಿ ಉಬ್ಬಿಗೂ ಮೊದಲೇ "ನಿಧಾನ! ನಿಧಾನ ಕಣಪ್ಪಾ!" ಎಂದು ಡ್ರೈವರನಿಗೆ ಕೂಗುತ್ತ ಹೋದಳು. ಐದು ಅಡ್ಡಗೀಟುಗಳು ಆಕಾಶ ನೋಡುತ್ತಿದ್ದವು.

ಇಲ್ಲಿಗೆ ನ್ಯಾಯ ಗೆದ್ದಿತು ಎಂದು ಬರೆಯಬಹುದು. ಗೆಲ್ಲಲಿಲ್ಲ. ಅರವತ್ತೊಂದು ಉಡಗಳಲ್ಲಿ ಮೂವತ್ತು ವಿನಾರ್ಸಿಯ ಕಚೇರಿಯ ಹಿತ್ತಲಿನ ಕೋಳಿ ಪಂಜರಗಳಲ್ಲಿ ಎರಡೇ ತಿಂಗಳಲ್ಲಿ ಸತ್ತವು. ಉಳಿದವನ್ನು ಕಾಡಿಗೆ ಬಿಡೋಣವೆಂದರೆ ಯಾವುದು ಯಾವ ದ್ವೀಪದ್ದು ಎಂದು ಹೇಳುವವರಿಲ್ಲ. ಗೆಂದುಕ್ ಎಲ್ಲಿಗೆ ಹೋಯಿತೋ ಯಾರೂ ಹೇಳಲಿಲ್ಲ. ಮುಂತಿಯಾಳನ್ನು ಹನ್ನೊಂದು ದಿನ ವಿಚಾರಣೆಗೆ ಕರೆದು ಮರದ ಬೆಂಚಿನ ಮೇಲೆ ಕೂರಿಸಿದರು. ಗುನಾದಿ ಒಂದು ದಿನವೂ ಕೂರಲಿಲ್ಲ. ಅವನ ವಕೀಲ ಕೂತ. ಆರು ತಿಂಗಳೊಳಗೆ ಅವನ ಭಾಮೈದನ ಹೆಸರಿನಲ್ಲಿ ಪಕ್ಕದ ಜಿಲ್ಲೆಯಲ್ಲಿ ಹೊಸ ತಗಡು ಎದ್ದಿತು. ಊರಿನಲ್ಲಿ ಅವಳನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಸಮಿಜಾನ್ ಜೀರುಂಡೆಯನ್ನು ಹಕ್ಕಿ ಸಾಕುವವರಿಗೆ ಮಾರತೊಡಗಿದ. ಸಂತೆಯಲ್ಲಿ ಎದುರಾದರೆ "ಯು, ನಿನ್ನ ಸತ್ಯ ಕಿಲೋಗೆ ಎಷ್ಟು?" ಎನ್ನುತ್ತಿದ್ದ. ಅಂದ ಮೇಲೆ, ಬೇಡವೆಂದರೂ, ಒಂದು ಪೊಟ್ಟಣ ಜೀರುಂಡೆ ಅವಳ ಚೀಲಕ್ಕೆ ಹಾಕುತ್ತಿದ್ದ.

ಅವಳಿಗೆ ಜೀರುಂಡೆ ಬೇಕಿತ್ತು. ಪೆಟ್ಟಿಗೆ ವಿನಾರ್ಸಿಯ ಕಚೇರಿಯ ಕಡತಗಳ ಕೋಣೆಯಲ್ಲಿತ್ತು, ಮುಂತಿಯಾ ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ಶಾಖ ನೋಡಿ ಬರುತ್ತಿದ್ದಳು. ಮಗುಚಿದ ನಾಲ್ಕು ಮೊದಲ ತಿಂಗಳಲ್ಲೇ ಕೊಳೆತವು. ಐದರಲ್ಲಿ ಎರಡು ಆಮೇಲೆ. ಮೂರು ಒಡೆದವು. ಕಡು ನೀಲಿ, ಬೆರಳುದ್ದ, ಆಗಲೇ ಸಿಟ್ಟು.

ಮರಿಗಳಾದ ಮೇಲೆ ಅವಕ್ಕೊಂದು ಹಾಳೆ ಬೇಕಾಯಿತು. ಹಾಳೆಯಿಲ್ಲದ ಉಡವನ್ನು ಯಾವ ಪ್ರಾಣಿಸಂಗ್ರಹಾಲಯವೂ ತೆಗೆದುಕೊಳ್ಳುವುದಿಲ್ಲ. ವಿನಾರ್ಸಿ ತಾನೇ ಅರ್ಜಿ ತುಂಬಿದಳು. ಹುಟ್ಟಿದ್ದು ಎಲ್ಲಿ, ಯಾರ ಕೈಯಲ್ಲಿ ಎಂಬಲ್ಲಿ ಮುಂತಿಯಾಳ ಹೆಸರು ಬರೆದು, ಅವಳ ಬಾಯಿಂದ ಮಾತು ಹೇಳಿಸಿ ಮೇಲಿನವರಿಗೆ ಕಳಿಸಿದಳು. ಈ ಸಲ ಮುಂತಿಯಾ ನೆಲ ನೋಡಲಿಲ್ಲ. "ನನ್ನ ಕೈಯಲ್ಲೇ ಹುಟ್ಟಿದ್ದು" ಎಂದು ಗಟ್ಟಿಯಾಗಿ ಅಂದಳು.

ಮೂರು ವಾರದ ಮೇಲೆ ಹಾಳೆ ತಿರುಗಿ ಬಂತು. ವಿನಾರ್ಸಿ ಅದನ್ನು ಎರಡು ಸಲ ಓದಿದಳು.

"ಒಪ್ಪಲ್ಲ ಅಂತಿದ್ದಾರೆ, ಬು."

"ಯಾಕಂತೆ? ನೀವೇ ಕಣ್ಣಾರೆ ನೋಡಿದ್ದೀರಲ್ಲ."

"ಒಡೆಯೋ ಹೊತ್ತಿಗೆ ನಾನು ಇರಲಿಲ್ಲ, ಇದ್ದಿದ್ದು ನೀವು. ನಿಮ್ಮ ಮಾತು..." ವಿನಾರ್ಸಿ ಕನ್ನಡಕ ತೆಗೆದಳು. "ಹಿಂದೆ ಒಂಬೈನೂರು ಸಲ ಇದೇ ಮಾತು ಹೇಳಿದೀರಂತೆ. ಅದಕ್ಕೇ ಇದನ್ನ ನಂಬೋಕಾಗಲ್ವಂತೆ."

ಮುಂತಿಯಾ ಜಗಳವಾಡಲಿಲ್ಲ. ಹೌದು, ಹೇಳಿದ್ದೆ ಎಂದುಕೊಂಡಳು. ತನ್ನ ಕೈಯಲ್ಲಿ ಹುಟ್ಟದ ಒಂಬೈನೂರು ಉಡಗಳಿಗೆ ಹಾಳೆ ಸಿಕ್ಕಿತ್ತು, ಅವಳು ಕೊಟ್ಟದ್ದು. ಹುಟ್ಟಿದ ಮೂರಕ್ಕೆ ಕೊಡಲು ಅವಳ ಬಳಿ ಏನೂ ಉಳಿದಿರಲಿಲ್ಲ.

ಕಡತಗಳ ಕೋಣೆಗೆ ಹೋಗಿ, ಪೊಟ್ಟಣ ಬಿಚ್ಚಿ, ಜೀರುಂಡೆಗಳ ಹಿಂಗಾಲು ಮುರಿದು ಒಂದೊಂದಾಗಿ ಮರಿಗಳಿಗೆ ಹಾಕಿದಳು. ಅವು ಅವಳೆದುರೇ ಹೆದರದೆ ತಿಂದವು. ಪೆಟ್ಟಿಗೆಯ ಮೂಲೆಯಲ್ಲಿ ಮೂರು ಚಿಪ್ಪುಗಳು ಒಣಗಿ ಸುರುಟಿಕೊಂಡಿದ್ದವು. ಬಿಸ್ಕತ್ತಿನ ಡಬ್ಬಿ ಪುರಾವೆಯಾಗಿ ಎಲ್ಲೋ ಮೊಹರು ಹಾಕಿಸಿಕೊಂಡು ಕೂತಿತ್ತು. ಅವಳು ಚಿಪ್ಪುಗಳನ್ನು ಎತ್ತಿಕೊಂಡು, ನಲ್ಲಿಯಲ್ಲಿ ತೊಳೆದು, ತಲೆವಸ್ತ್ರದ ತುದಿಯಲ್ಲಿಟ್ಟು ಗಂಟು ಹಾಕಿದಳು. ಹೊರಗೆ ಮಧ್ಯಾಹ್ನದ ಬಾಂಗ್ ಶುರುವಾಯಿತು. ಬೆರಳುಗಳು ಅರ್ಧ ಸುತ್ತು ತಿರುಗಿದವು. ಅವಳು ಆ ಗಂಟನ್ನೇ ಗಟ್ಟಿಯಾಗಿ ಹಿಡಿದು ಅವನ್ನು ನಿಲ್ಲಿಸಿದಳು.